ಡಾಂಬರು ಹಾಕೋದು, ಮತ್ತೆ ಅಗೆಯೋದು!

ಪ್ರಶ್ನೆ: ಮಗಳು ಬೆಂಗಳೂರಲ್ಲಿದ್ದಾಳೆ. ಅವಳ ಮನೆ ಮುಂದೆ ಹೊಸ ಡಾಂಬರು ಹಾಕಿದ ಕೆಲವೇ ದಿನಕ್ಕೆ ರಸ್ತೆ ಅಗೆದುಬಿಟ್ಟರು. ಅದೇ ಊರಿನ ಕನ್ನಿಂಗ್‌ಹ್ಯಾಮ್ ರಸ್ತೆ ಅಷ್ಟು ಚೆನ್ನಾಗಿದೆ. ಏನು ಗುಟ್ಟು? ನಮ್ಮಲ್ಲೂ ಹಾಗೆ ಮಾಡಬಹುದಲ್ವಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಗುಟ್ಟು ಡಾಂಬರಿನಲ್ಲಿಲ್ಲ, ಫುಟ್‌ಪಾತ್ ಅಡಿಯಲ್ಲಿದೆ. ಬೆಂಗಳೂರಲ್ಲಿ ನೀರು, ಒಳಚರಂಡಿ ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಇಂಟರ್ನೆಟ್ ಕೇಬಲ್ ಖಾಸಗಿಯವರದ್ದು, ಹೀಗೆ ಒಬ್ಬರು ಮುಚ್ಚಿ ಹೋದ ಮೇಲೆ ಇನ್ನೊಬ್ಬರು ಗುದ್ದಲಿ ಹಿಡಿದು ಬರುತ್ತಾರೆ. ಕನ್ನಿಂಗ್‌ಹ್ಯಾಮ್ ರಸ್ತೆಯಂಥ ಕೆಲವು ಕಡೆ ಟೆಂಡರ್‌ಶ್ಯೂರ್ ಅನ್ನೋ ರಸ್ತೆ ಸುಧಾರಣೆ ಯೋಜನೆಯಲ್ಲಿ ಫುಟ್‌ಪಾತ್ ಅಡಿ ಕೇಬಲ್‌ಗಳಿಗೆ ಮೊದಲೇ ಡಕ್ಟ್, ಅಂದ್ರೆ ಖಾಲಿ ಕೊಳವೆ ಹಾಕಿದರು. ಅಲ್ಲಲ್ಲಿ ಚೇಂಬರ್ ಇರುತ್ತೆ. ಮುಚ್ಚಳ ತೆಗೆದು, ಹೊಸ ಕೇಬಲ್ ತೂರಿಸಿ ಎಳೆದರೆ ಆಯ್ತು, ರಸ್ತೆ ಮುಟ್ಟೋದೇ ಬೇಡ. ವಾಹನದ ದಾರಿಯ ಅಗಲವನ್ನೂ ಉದ್ದಕ್ಕೂ ಒಂದೇ ಸಮ ಇಟ್ಟು, ಉಳಿದ ಜಾಗವನ್ನು ನಡೆಯೋರಿಗೆ ಕೊಟ್ಟರು. ಖರ್ಚು ಜಾಸ್ತಿ ಅಂತ ಆಗ ಗಲಾಟೆ ಆಗಿತ್ತು. ಪದೇ ಪದೇ ಅಗೆದು ಮುಚ್ಚೋ ಖರ್ಚನ್ನು ಮಾತ್ರ ಯಾರೂ ಕೂಡಿಸಿ ನೋಡಲ್ಲ ಬಿಡಿ!

ಮಡಿಕೇರಿಗೆ ಇದನ್ನೇ ನಕಲು ಮಾಡಿದರೆ ಕಷ್ಟ. ನಿಮ್ಮದು ಇಳಿಜಾರಿನ ಊರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯೋ ಮಳೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದು ನಿಮಗೆ ನಾನು ಹೇಳಬೇಕಾ? ಅಲ್ಲಿ ಮೊದಲು ಬೇಕಾದ್ದು ಚರಂಡಿ. ಗುಡ್ಡದ ಕಡೆ ಬರೋ ನೀರು ರಸ್ತೆ ಮೇಲೆ ಹರಿಯದೆ ಚರಂಡಿಗೆ ಇಳಿದು, ರಸ್ತೆಯಡಿಯ ಮೋರಿ ದಾಟಿ ಹಳ್ಳ ಸೇರಬೇಕು. ಡಾಂಬರಿನ ಶತ್ರು ನೀರೇ. ಅದು ಬಿರುಕಿನೊಳಗೆ ಇಳಿದರೆ ಅಡಿಪಾಯ ಮೆತ್ತಗಾಗಿ, ಮೇಲೆ ಲಾರಿ ಹೋದಾಗ ಗುಂಡಿ ಬೀಳುತ್ತೆ. ನಿಮ್ಮ ಬೀದಿಗೆ ಡಾಂಬರು ಮಂಜೂರಾದರೆ ನಗರಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿ: ಪೈಪ್ ಕೆಲಸ ಮುಗಿದಿದೆಯಾ, ಚರಂಡಿ ನೀರು ಎಲ್ಲಿಗೆ ಹೋಗುತ್ತೆ?