ಪ್ರಶ್ನೋತ್ತರ ಪುಟವಿದ್ದರೂ ಸದಸ್ಯರು ಫೋನ್ ಮಾಡುವುದೇಕೆ?

ಪತ್ತಿನ ಸಹಕಾರ ಸಂಘದ ಜಾಲತಾಣದಲ್ಲಿ ‘ಪದೇ ಪದೇ ಕೇಳುವ ಪ್ರಶ್ನೆಗಳು’ 40 ಇದ್ದರೂ ಕರೆಗಳು ತಗ್ಗಿಲ್ಲ ಎಂದಿದ್ದೀರಿ. ಅವು ಸದಸ್ಯರು ಕೇಳಿದವಲ್ಲ, ಕಚೇರಿಯೇ ಊಹಿಸಿ ಬರೆದವು ಎಂಬುದೇ ಬಹುಶಃ ಕಾರಣ. ನೀವು ಉದಾಹರಿಸಿದ ‘ನಾಮನಿರ್ದೇಶನ ಮಾರ್ಪಾಡಿನ ಕಾರ್ಯವಿಧಾನವೇನು?’ ಎಂಬುದನ್ನು ಯಾರೂ ಹಾಗೆ ಕೇಳುವುದಿಲ್ಲ. ‘ಎಫ್‌ಡಿಗೆ ನಾಮಿನಿ ಬದಲಾಯಿಸುವುದು ಹೇಗೆ?’ ಎನ್ನುತ್ತಾರೆ, ಪುಟದಲ್ಲಿ ಹುಡುಕುವುದೂ ‘ನಾಮಿನಿ’ ಎಂದೇ.

ಮೊದಲು, ಫೋನ್ ಎತ್ತುವ ಸಿಬ್ಬಂದಿಯಿಂದ ಎರಡು ವಾರ ಪ್ರತಿ ಪ್ರಶ್ನೆಯನ್ನೂ ಕೇಳಿದವರ ಮಾತಿನಲ್ಲೇ ಪುಸ್ತಕದಲ್ಲಿ ಬರೆಸಿ. ಬಳಿಕ ಅದನ್ನು ಈಗಿನ ಪಟ್ಟಿಯೊಡನೆ ಹೋಲಿಸಿ, ‘ನಮ್ಮ ಸಂಘವನ್ನೇ ಏಕೆ ಆರಿಸಬೇಕು?’ ಎಂಬಂಥವನ್ನು ಕಿತ್ತುಹಾಕಿ; ಅದು ಪ್ರಶ್ನೆಯ ವೇಷದ ಜಾಹೀರಾತು. ಉಳಿದವುಗಳಲ್ಲಿ ನಾಮಿನಿಯ ಉತ್ತರವನ್ನು ನಾಮಿನಿ ಅರ್ಜಿಯ ಪಕ್ಕಕ್ಕೆ, ಬಡ್ಡಿಯದನ್ನು ಠೇವಣಿ ಪುಟಕ್ಕೆ ಸಾಗಿಸಿ. ಬ್ರಿಟನ್ ಸರ್ಕಾರದ ಜಾಲತಾಣದ ಬರವಣಿಗೆ ಮಾರ್ಗಸೂಚಿಯಂತೂ ಇಂಥ ಪಟ್ಟಿಯೇ ಬೇಡವೆನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಅಷ್ಟು ಬಿಗಿ ಬೇಕಿಲ್ಲ, ಬೇರೆಲ್ಲೂ ಸೇರದ ಏಳೆಂಟನ್ನು ಇಟ್ಟುಕೊಳ್ಳಬಹುದು. ಅವುಗಳ ಮೊದಲ ವಾಕ್ಯವೇ ಉತ್ತರವಾಗಿರಲಿ: ಯಾವ ಅರ್ಜಿ, ಯಾವ ದಾಖಲೆ, ಯಾವ ಕೌಂಟರ್; ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದರೆ ಮತ್ತೊಂದು ಕರೆ ಖಚಿತ.

ಗೂಗಲ್ ಶೋಧದಲ್ಲಿ ಎದ್ದು ಕಾಣಲು ಪಟ್ಟಿ ಉದ್ದವಿರಲಿ ಎಂದು ಯಾರಾದರೂ ಸಲಹೆ ಕೊಟ್ಟರೆ ಬಿಟ್ಟುಬಿಡಿ; ಶೋಧ ಫಲಿತಾಂಶದಲ್ಲೇ ಪ್ರಶ್ನೋತ್ತರ ತೋರಿಸುವುದನ್ನು ಗೂಗಲ್ 2023ರ ಆಗಸ್ಟ್‌ನಲ್ಲಿ ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಸೀಮಿತಗೊಳಿಸಿತು.

ಕರೆಗಳಲ್ಲಿ ಬಹುಪಾಲು ಸ್ವಂತ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ವಿಚಾರಿಸುವವೇ ಆಗಿದ್ದರೆ ಇದರಿಂದ ಹೆಚ್ಚು ಪ್ರಯೋಜನವಾಗದು; ಆ ಪುಸ್ತಕ ತುಂಬಿದ ಮೇಲೆಯೇ ಅದು ತಿಳಿಯುವುದರಿಂದ, ಅಲ್ಲಿಯವರೆಗೆ ತಾಣದ ವಿನ್ಯಾಸಕ್ಕೆ ಹಣ ಹಾಕಬೇಡಿ.