ಮಡಿಕೇರಿಯವರು ಯಾವ ಪಾರ್ಕಿಗೆ ಹೋಗುವುದೆಂದು ಹೇಗೆ ಆರಿಸಿಕೊಳ್ಳುತ್ತಾರೆ? ಸುತ್ತಲೂ ಹಸಿರೇ ಇರುವಾಗ ಪಾರ್ಕಾದರೂ ಯಾಕೆ?

ಎರಡನೇ ಪ್ರಶ್ನೆ ಮೊದಲು. ಕಾಫಿ ತೋಟ ಇನ್ನೊಬ್ಬರ ಆಸ್ತಿ, ಕಾಡು ಅರಣ್ಯ ಇಲಾಖೆಯದು, ಮೇಲೆ ಆನೆ ಭಯ. ಪೇಟೆಯ ಬಾಡಿಗೆ ಮನೆಯಲ್ಲಿರುವವರಿಗೆ ಕಣ್ಣಿಗೆ ಕಾಣುವ ಹಸಿರು ಬೇಕಾದಷ್ಟು, ಕಾಲಿಡಲು ಸಿಗುವುದು ಸ್ವಲ್ಪವೇ.

ಇನ್ನು ಆಯ್ಕೆ. ಎಲ್ಲ ಊರುಗಳಲ್ಲೂ ಮೊದಲು ಲೆಕ್ಕಕ್ಕೆ ಬರುವುದು ದೂರ. ಮನೆಯಿಂದ 300 ಮೀಟರ್ ಒಳಗೆ ಅರ್ಧದಿಂದ ಒಂದು ಹೆಕ್ಟೇರ್ ಹಸಿರು ಜಾಗ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ. ಅದು ನೇರ ಗೆರೆ ಎಳೆದು ಅಳೆದ ದೂರ. ಮಡಿಕೇರಿಯಲ್ಲಿ ಅಷ್ಟೇ ದೂರಕ್ಕೆ ಒಂದು ಏರು, ಒಂದು ಇಳಿಜಾರು, ನಡುವೆ ಪಾಚಿಗಟ್ಟಿದ ಮೆಟ್ಟಿಲು ಸಿಗಬಹುದು. ಮಂಡಿ ನೋವಿರುವ ಅಜ್ಜಿಗೆ ಮೀಟರ್ ಲೆಕ್ಕ ಹೇಳಿ ಏನು ಪ್ರಯೋಜನ?

ಆಮೇಲೆ ಜನಜಂಗುಳಿ. ರಾಜಾಸೀಟು ಊರೊಳಗೇ ಇದೆ, ಆದರೆ ಶನಿವಾರ, ಭಾನುವಾರ ಸೂರ್ಯಾಸ್ತದ ಹೊತ್ತಿಗೆ ಅದು ಪ್ರವಾಸಿಗರದು; ಗಾಡಿ ನಿಲ್ಲಿಸಲೂ ಜಾಗವಿರುವುದಿಲ್ಲ. ಊರಿನವರು ವಾರದ ನಡುವೆ ಹೋಗುವುದೇ ವಾಸಿ. ಸುಮ್ಮನೆ ಕೂರಬೇಕು ಅನ್ನುವವರಿಗೆ ನಾನು ಹೇಳುವುದು ರಾಜರ ಗದ್ದುಗೆ: ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳ ಸುತ್ತ ಬಯಲಿದೆ, ಗದ್ದಲ ಕಡಿಮೆ.

ಮಕ್ಕಳಿದ್ದರೆ ದೂರದ ಲೆಕ್ಕವೇ ತಲೆಕೆಳಗು. ತೂಗು ಸೇತುವೆ, ಜಿಂಕೆ, ಬಿದಿರು ಮೆಳೆ ನೋಡಲು ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮಕ್ಕೆ ಸುಮಾರು 30 ಕಿಲೋಮೀಟರ್ ಹೋಗಲೂ ಸಿದ್ಧ. ಅದು ಹೊಳೆ ನಡುವಿನ ದ್ವೀಪ, ಮಳೆಗಾಲದಲ್ಲಿ ನೀರು ಏರಿದರೆ ಮುಚ್ಚುತ್ತಾರೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.