5 ಅಡಿ ಗೋಡೆಗೆ ಯಾವ ರೈಲು ಹೊಂದುತ್ತದೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಡೊಂಬಿವಲಿಯಲ್ಲಿ ಬಾಡಿಗೆಯ ಒಂದು ಬಿಎಚ್‌ಕೆ ಮನೆ. ಹಾಲ್‌ನ ಗೋಡೆಗೆ 5 ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಹಾಕಿ ಮಾಡೆಲ್ ರೈಲು ಓಡಿಸಲು ಮನೆಯವರು ಒಪ್ಪಿದ್ದಾರೆ. ಊರು ಹುಬ್ಬಳ್ಳಿ ಕಡೆ, ಹಾಗಾಗಿ ಗೋವಾ ಘಟ್ಟದ ದೂಧಸಾಗರ ಜಲಪಾತ ಬೇಕು. ರೈಲು ನಿಲ್ಲದೆ ಸುತ್ತುತ್ತಿರಬೇಕು. ಎಚ್‌ಒ ಅಳತೆಯದ್ದು ತಗೊಳ್ಳಬೇಕೋ, ಎನ್ ಅಳತೆಯದ್ದು ತಗೊಳ್ಳಬೇಕೋ?

ದೂಧಸಾಗರವೂ ಆಗಲ್ಲ, ಸುತ್ತುವುದೂ ಆಗಲ್ಲ. ಬೇಜಾರಾಗಬೇಡಿ, ಅದೇ ಹಲಗೆಯ ಮೇಲೆ ಬೇರೆ ಒಳ್ಳೆಯ ಲೇಔಟ್ (ಹಳಿ, ಕಟ್ಟಡಗಳ ಜೋಡಣೆ) ಕೂರುತ್ತದೆ. ಮೊದಲು ಲೆಕ್ಕ ನೋಡೋಣ.

ಎಚ್‌ಒ ಅಂದರೆ ಅಸಲಿಯ 87ನೇ ಒಂದು ಭಾಗ. ಎನ್ ಅಂದರೆ 160ನೇ ಒಂದು ಭಾಗ. ದೂಧಸಾಗರದ ಎತ್ತರ 310 ಮೀಟರ್. ಎನ್ ಸ್ಕೇಲ್‌ನಲ್ಲೇ ಅದು 1.94 ಮೀಟರ್ ಆಗುತ್ತದೆ. ಎಚ್‌ಒದಲ್ಲಿ ಮೂರೂವರೆ ಮೀಟರ್, ಅಂದರೆ ಸೀಲಿಂಗ್ ದಾಟಿ ಮೇಲಿನ ಮನೆಯವರ ಹಾಲ್‌ಗೆ ಹೋಗುತ್ತದೆ. ಅದನ್ನು ಒಂದಡಿಗೆ ಇಳಿಸಿ ಮಾಡುವವರೂ ಇದ್ದಾರೆ. ಆದರೆ ಆ ಜಲಪಾತವನ್ನು ರೈಲಿನ ಬಾಗಿಲಲ್ಲಿ ನಿಂತು ನೋಡಿದವರಿಗೆ ಅದು ಸಮಾಧಾನ ಕೊಡುವುದಿಲ್ಲ ಅಂತ ನನ್ನ ಅಭಿಪ್ರಾಯ. ಇನ್ನು ಘಟ್ಟದ ಏರು. ಒಂದು ಟ್ರ್ಯಾಕ್ ಇನ್ನೊಂದರ ಮೇಲೆ ಹಾಯಬೇಕಾದರೆ ಎನ್ ಸ್ಕೇಲ್‌ನಲ್ಲಿ ಸುಮಾರು 5 ಸೆಂ.ಮೀ. ಎತ್ತರ ಬೇಕು. ನೂರಕ್ಕೆ ಮೂರರ ಏರು ಕೊಟ್ಟರೂ ಅಷ್ಟು ಹತ್ತಲು 1.6 ಮೀಟರ್‌ಗಿಂತ ಜಾಸ್ತಿ ಓಟ ಬೇಕು. ನಿಮ್ಮ ಇಡೀ ಹಲಗೆಯೇ 1.52 ಮೀಟರ್.

ಈಗ ಸುತ್ತು. ನಿಮ್ಮ ಅಗಲ 457 ಮಿ.ಮೀ. ಎನ್ ಸ್ಕೇಲ್‌ನಲ್ಲಿ ಕೇಟೋ ಕಂಪನಿಯ ಯೂನಿಟ್ರ್ಯಾಕ್ ಹಳಿಯನ್ನು ಜನ ಹೆಚ್ಚಾಗಿ ಬಳಸುತ್ತಾರೆ. ಅದರ 249 ಮಿ.ಮೀ. ತ್ರಿಜ್ಯದ ತಿರುವು ಹಾಕಿದರೆ ಬರೀ ವೃತ್ತಕ್ಕೇ ಅರ್ಧ ಮೀಟರ್ ಬೇಕು. ಹಲಗೆಯಿಂದ ಹೊರಗೆ ಚಾಚುತ್ತದೆ. 216ರದ್ದು ಹಾಕಿದರೆ ಟ್ರ್ಯಾಕಿನ ಅಂಚು ಹಲಗೆಯ ಅಂಚಿಗೇ ಬಂದು ನಿಲ್ಲುತ್ತದೆ, ಎಂಜಿನ್ ಹಳಿ ತಪ್ಪಿದರೆ ಸೀದಾ ನೆಲಕ್ಕೆ. ಎಚ್‌ಒದಲ್ಲಿ ಮಾಮೂಲಾಗಿ ಸಿಗುವ ಚಿಕ್ಕ ತಿರುವೇ 360 ಮಿ.ಮೀ. ಆಸುಪಾಸು, ಅದನ್ನು ಮರೆತುಬಿಡಿ.

ಹಾಗಾದರೆ ಏನು ಮಾಡುವುದು? ಸುತ್ತುವ ರೈಲಿನ ಬದಲು ಕೆಲಸ ಮಾಡುವ ರೈಲು ಇಟ್ಟುಕೊಳ್ಳಿ. ಗೂಡ್ಸ್ ಯಾರ್ಡ್, ಶಂಟಿಂಗ್, ಅಂದರೆ ವ್ಯಾಗನ್‌ಗಳನ್ನು ಹಿಂದೆ ಮುಂದೆ ದೂಡಿ ಜೋಡಿಸುವುದು. ಬ್ರಿಟನ್ನಿನ ಅಲನ್ ರೈಟ್ ಎಂಬುವರು ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಅಂತ ಒಂದು ನಕ್ಷೆ ಇದೆ. ಚಿಕ್ಕ ಜಾಗದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬರೀ ಎರಡು ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಮೂರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ). ಒಂದರಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದ ಎರಡರಲ್ಲಿ ಮೂರು ಮೂರು. ಇನ್ನೊಂದು ತುದಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ ನಿಲ್ಲುವಷ್ಟು ಟ್ರ್ಯಾಕ್. ಒಟ್ಟು ಎಂಟು ವ್ಯಾಗನ್. ಎಂಟರ ಹೆಸರನ್ನೂ ಚೀಟಿಗಳಲ್ಲಿ ಬರೆದು ಐದು ಚೀಟಿ ಎತ್ತುತ್ತೀರಿ. ಅದೇ ಸಾಲಿನಲ್ಲಿ ಐದು ವ್ಯಾಗನ್ ಜೋಡಿಸಿ ಉದ್ದದ ಸೈಡಿಂಗ್‌ನಲ್ಲಿ ನಿಲ್ಲಿಸಬೇಕು. ಕೇಳಲು ಸುಲಭ, ಅಲ್ವಾ? ಚೀಟಿಗಳು 6,720 ಬಗೆಯ ಸಾಲು ಕೊಡಬಲ್ಲವು. ಮಕ್ಕಳಿದ್ದರೆ ಅವರೂ ಬಂದು ಕೂರುತ್ತಾರೆ, ಬೇಗ ಏಳುವುದಿಲ್ಲ.

ಇದಕ್ಕೆ ಎಚ್‌ಒ ಸಾಕು, ಎನ್‌ಗೆ ಇಳಿಯಬೇಕಾಗಿಲ್ಲ. ಈಗಿನ ಬಾಕ್ಸ್‌ಎನ್ ವ್ಯಾಗನ್ ಸುಮಾರು 10.7 ಮೀಟರ್ ಉದ್ದ. ಎಚ್‌ಒದಲ್ಲಿ 12 ಸೆಂ.ಮೀ. ಮತ್ತೆ ಸ್ವಲ್ಪ. ಐದಕ್ಕೆ 62 ಸೆಂ.ಮೀ. ಎಂಜಿನ್ ಮತ್ತು ಮೂರು ವ್ಯಾಗನ್‌ಗೆ 57. ನಡುವಿನ ಪಾಯಿಂಟ್‌ಗೆ ಒಂದು 20. ಸೇರಿಸಿದರೆ 140 ಸೆಂ.ಮೀ. ಒಳಗೇ ಮುಗಿಯುತ್ತದೆ. ನಿಮ್ಮ ಹತ್ತಿರ 152 ಇದೆ. ಹಳೆಯ ನಾಲ್ಕು ಚಕ್ರದ ವ್ಯಾಗನ್ ಆರಿಸಿಕೊಂಡರೆ ಇನ್ನೂ ಜಾಗ ಮಿಗುತ್ತದೆ. ನಮ್ಮ ರೈಲ್ವೆಯ ಮಾಡೆಲ್‌ಗಳು ಸಿಗುವುದೂ ಎಚ್‌ಒದಲ್ಲೇ ಜಾಸ್ತಿ. ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1,676 ಮಿ.ಮೀ. ಲೆಕ್ಕದ ಪ್ರಕಾರ ಎಚ್‌ಒದಲ್ಲಿ ಅದು 19.3 ಮಿ.ಮೀ. ಇರಬೇಕು, ಆದರೆ ಮಾಡೆಲ್ ಓಡುವುದು 16.5ರ ಮೇಲೆ. ಎದುರಿನಿಂದ ನೋಡಿದರೆ ಎಂಜಿನ್ ಕಾಲು ಜೋಡಿಸಿಕೊಂಡು ನಿಂತಂತೆ ಕಾಣುತ್ತದೆ. ನಿಮ್ಮ ಲೇಔಟನ್ನು ನೋಡುವುದು ಪಕ್ಕದಿಂದ, ಹಾಗಾಗಿ ತಲೆ ಕೆಡಿಸಿಕೊಳ್ಳಬೇಡಿ.

ಲೇಔಟ್‌ನಲ್ಲಿ ಯಾವ ಊರು ತೋರಿಸುವುದು ಅಂತೀರಾ? ಮುಂಬೈಯಲ್ಲಿದ್ದುಕೊಂಡು ಹುಡುಕಬೇಕಾಗಿಯೇ ಇಲ್ಲ. ಬಾಂಬೆ ಪೋರ್ಟ್ ಟ್ರಸ್ಟ್‌ನದೇ ಸ್ವಂತ ರೈಲ್ವೆ ಇತ್ತು. 1915ರಲ್ಲಿ ಶುರುವಾಯಿತು, ಬಲ್ಲಾರ್ಡ್ ಪಿಯರ್‌ನಿಂದ ವಡಾಳಾವರೆಗೆ. ಹಾರ್ಬರ್ ಲೈನ್‌ನಲ್ಲಿ ರೇ ರೋಡ್, ಕಾಟನ್ ಗ್ರೀನ್, ಶಿವಡಿ ಕಡೆ ಹೋಗುವಾಗ ಪೂರ್ವದ ಕಿಟಕಿಗೆ ಕೂತು ನೋಡಿ. ಹಳೆಯ ಗೋಡೌನ್‌ಗಳು, ಉದ್ದುದ್ದ ಗೋಡೆ, ತಗಡಿನ ಚಾವಣಿ. ಚಿಕ್ಕ ಲೇಔಟಿಗೆ ಇಂಥ ಜಾಗವೇ ಸರಿ. ಯಾಕೆಂದರೆ ಗೋಡೌನನ್ನು ಪೂರ್ತಿ ಕಟ್ಟಬೇಕಾಗಿಲ್ಲ. ಮುಂದಿನ ಗೋಡೆ ಮಾತ್ರ, ಮೂರ್ನಾಲ್ಕು ಸೆಂ.ಮೀ. ದಪ್ಪಕ್ಕೆ ಮಾಡಿ ಹಿಂದಿನ ಹಲಗೆಗೆ ಅಂಟಿಸಿ. ಅದರ ಹಿಂದೆ ಇನ್ನೂ ಬೇಕಾದಷ್ಟು ಕಟ್ಟಡ ಇದೆ ಅಂತ ಕಣ್ಣು ತಾನೇ ಅಂದುಕೊಳ್ಳುತ್ತದೆ. ಎಂಜಿನ್ ನಿಲ್ಲುವ ತುದಿಗೆ ಅಡ್ಡವಾಗಿ ಒಂದು ರಸ್ತೆ ಸೇತುವೆ ಹಾಕಿ, ಅದರ ಮೇಲೆ ಬೆಸ್ಟ್‌ನ ಕೆಂಪು ಬಸ್ ಇಡಿ. ಟ್ರ್ಯಾಕ್ ಅಲ್ಲೇ ಮುಗಿಯುತ್ತದೆ ಅಂತ ಯಾರಿಗೂ ಗೊತ್ತಾಗಲ್ಲ. ಮೂರು ಸಾಲು ಟ್ರ್ಯಾಕ್ ಅಗಲದಲ್ಲಿ 18 ಸೆಂ.ಮೀ. ತಿನ್ನುತ್ತದೆ. ಮಿಕ್ಕ ಜಾಗದಲ್ಲಿ ಲಾರಿ, ಕೈಗಾಡಿ, ಹತ್ತಿಯ ಮೂಟೆ, ಒಂದು ಚಹಾ ಟಪರಿ. ತುಂಬಾ ತುರುಕಬೇಡಿ.

ಇಷ್ಟಾದರೂ ‘ಇಲ್ಲ ಸರ್, ಸುತ್ತಲೇಬೇಕು’ ಅಂದರೆ ಮಾಥೇರಾನ್ ಮಾಡಿ. ನೇರಳ್‌ನಿಂದ ಹತ್ತುವ ಆ 2 ಅಡಿ ಗೇಜ್‌ನ ಲೈನ್ 1907ರಿಂದ ಇದೆ, ತಿರುವುಗಳು ನಿಜಕ್ಕೂ ಬಿಗಿ. ಎಚ್‌ಒ ಅಳತೆಯ ಎಂಜಿನ್ ಬಾಡಿಯನ್ನು ಎನ್ ಸ್ಕೇಲ್‌ನ ಚಿಕ್ಕ ಚಾಸಿ ಮೇಲೆ ಕೂರಿಸಿ 9 ಮಿ.ಮೀ. ಟ್ರ್ಯಾಕ್‌ನಲ್ಲಿ ಓಡಿಸುತ್ತಾರೆ. ಟೋಮಿಕ್ಸ್ ಕಂಪನಿಯ 177 ಮಿ.ಮೀ. ತ್ರಿಜ್ಯದ ತಿರುವು ನಿಮ್ಮ ಅಗಲದಲ್ಲಿ ಆರಾಮಾಗಿ ಕೂರುತ್ತದೆ. ಬಾಡಿ ಮಾತ್ರ ನೀವೇ ಕಾರ್ಡ್‌ಬೋರ್ಡ್, ಪ್ಲಾಸ್ಟಿಕ್ ಶೀಟ್‌ನಲ್ಲಿ ಕತ್ತರಿಸಿ ಮಾಡಬೇಕು. ಘಟ್ಟ ಕಾಣಬೇಕಾದರೆ ಟ್ರ್ಯಾಕ್ ಏರಿಸಬೇಡಿ, ಮಟ್ಟವಾಗಿಯೇ ಇಟ್ಟು ಮುಂದಿನ ನೆಲವನ್ನು ಕೆಳಗೆ ಇಳಿಸಿ. ನನ್ನ ಓಟು ಇನ್ನೂ ಗೋಡೌನ್‌ಗೇ. ಸುತ್ತುವ ರೈಲು ಒಂದು ವಾರಕ್ಕೆ ಫ್ಯಾನ್ ಆಗಿಬಿಡುತ್ತದೆ, ತಿರುಗುತ್ತಿರುತ್ತದೆ, ಯಾರೂ ನೋಡಲ್ಲ.

ಈಗ ಹಲಗೆ. ಬಾಡಿಗೆ ಮನೆ ಅಂದಿರಿ. 11 ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಎಲ್ಲಿಗೋ ಏನೋ. ಅದಕ್ಕೆ ಒಂದೇ 5 ಅಡಿ ಹಲಗೆ ಮಾಡಬೇಡಿ. ಎರಡೂವರೆ ಅಡಿಯ ಎರಡು ತುಂಡು, ನಡುವೆ ಬೋಲ್ಟು. ಲಿಫ್ಟ್‌ನಲ್ಲಿ ಹೋಗುತ್ತದೆ, ಬೇಡವಾದಾಗ ಕಪಾಟಿನ ಮೇಲೂ ಹೋಗುತ್ತದೆ. ಜೋಡಣೆಯ ಗೆರೆಯ ಮೇಲೆ ಪಾಯಿಂಟ್ ಬರದ ಹಾಗೆ ನೋಡಿಕೊಳ್ಳಿ. ಮರೀನ್ ಪ್ಲೈ ತಗೊಂಡು ಆರೂ ಮೈಗೆ ಪ್ರೈಮರ್ ಹೊಡೆಯಿರಿ, ಕತ್ತರಿಸಿದ ಅಂಚನ್ನೂ ಸೇರಿಸಿ. ಇಲ್ಲದಿದ್ದರೆ ಜುಲೈಯಲ್ಲಿ ಹಲಗೆ ಬಾಗುತ್ತದೆ. ಆ ಗೋಡೆ ಹೊರಗೋಡೆಯಾಗಿದ್ದು ಮಳೆಗಾಲದಲ್ಲಿ ಪೇಂಟ್ ಉಬ್ಬುವಂಥದ್ದಾದರೆ ಎದುರಿನ ಗೋಡೆಗೆ ಅನುಮತಿ ಕೇಳಿ, ಮನೆಯವರ ಜೊತೆ ಇನ್ನೊಂದು ಸುತ್ತು ಮಾತುಕತೆ ಆದರೂ ಪರವಾಗಿಲ್ಲ. ಎತ್ತರ ನೆಲದಿಂದ ನಾಲ್ಕು ಅಡಿ ಇರಲಿ. ಮೇಲಿಂದ ನೋಡಿದರೆ ಆಟಿಕೆ, ಕಣ್ಣಿನ ಮಟ್ಟಕ್ಕೆ ಬಂದರೆ ರೈಲು.

ಹಳಿ ನಿಕಲ್ ಸಿಲ್ವರ್‌ನದೇ ಇರಲಿ. ಅಗ್ಗದ ಸ್ಟೀಲ್ ಹಳಿ ನಮ್ಮ ಹವೆಗೆ ತುಕ್ಕು ಹಿಡಿಯುತ್ತದೆ. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿ ಬಟ್ಟೆ ಸಾಕು. ನೆಲಕ್ಕೆ ಮಣ್ಣಿನ ಬಣ್ಣ ಬರಲಿ ಅಂತ ಒಣಗಿಸಿದ ಚಹಾಪುಡಿ ಉದುರಿಸುವ ಉಪಾಯ ಎಲ್ಲರೂ ಹೇಳುತ್ತಾರೆ. ಮುಂಬೈಯಲ್ಲಿ ಅದಕ್ಕೆ ಬೂಷ್ಟು ಬರುತ್ತದೆ, ಜರಡಿ ಹಿಡಿದ ಇಟ್ಟಿಗೆ ಪುಡಿ ಬಳಸಿ. ಥರ್ಮಾಕೋಲ್ ಹಾಕಿದರೆ ಫೆವಿಕಾಲ್‌ನಲ್ಲಿ ಅಂಟಿಸಿ, ಸ್ಪ್ರೇ ಪೇಂಟ್ ತಾಗಿಸಬೇಡಿ, ಕರಗಿಹೋಗುತ್ತದೆ.

ಕರೆಂಟ್ ವಿಷಯ ಚಿಕ್ಕದು. ಒಂದೇ ಎಂಜಿನ್‌ಗೆ ಡಿಜಿಟಲ್ ಬೇಡ, ಮಾಮೂಲಿ 12 ವೋಲ್ಟ್ ಡಿಸಿ ಕಂಟ್ರೋಲರ್ ಸಾಕು. ವೈರ್, ಸ್ವಿಚ್, ಅಡಾಪ್ಟರ್ ಎಲ್ಲ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸಿಗುತ್ತದೆ. ಎರಡು ಕಡೆ ಮಾತ್ರ ಕೈ ಬಿಗಿ ಹಿಡಿಯಬೇಡಿ. ಮೊದಲನೆಯದು ಎಂಜಿನ್. ಆಮೆಯ ನಡಿಗೆಯಲ್ಲಿ ಹೋಗಿ ನಿಲ್ಲುವಂಥದ್ದು ಬೇಕು, ಜಿಗಿಯುವ ಎಂಜಿನ್‌ನಲ್ಲಿ ಶಂಟಿಂಗ್ ಆಗಲ್ಲ. ಎರಡನೆಯದು ಹಳಿಯ ಪಾಯಿಂಟ್. ಹಳಿಗಳು ಕೂಡುವ ಜಾಗ ಪ್ಲಾಸ್ಟಿಕ್ ಆಗಿದ್ದರೆ ಚಿಕ್ಕ ಶಂಟಿಂಗ್ ಎಂಜಿನ್ ಅಲ್ಲಿ ಕರೆಂಟ್ ಸಿಗದೆ ನಿಂತುಬಿಡುತ್ತದೆ. ಲೋಹದ್ದೇ ಕೇಳಿ ತಗೊಳ್ಳಿ.

ದುಡ್ಡು ಹಾಕುವ ಮೊದಲು ಪುಣೆಗೆ ಹೋಗಿ ಕೊತ್ರೂಡ್‌ನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ. 1998ರಲ್ಲಿ ತೆರೆದದ್ದು, ಎಚ್‌ಒ ಸ್ಕೇಲ್. ಅಷ್ಟು ದೊಡ್ಡದು ನಮಗೆ ಆಗುವುದಲ್ಲ. ಆದರೆ ಎಚ್‌ಒ ಬೋಗಿ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಗೊತ್ತಾಗುತ್ತದೆ.

ಬಂದ ಮೇಲೂ ಟ್ರ್ಯಾಕ್ ಆರ್ಡರ್ ಮಾಡಬೇಡಿ. ಪಾಯಿಂಟ್‌ಗಳ ಅಸಲಿ ಅಳತೆಯ ಚಿತ್ರಗಳನ್ನು ಕಂಪನಿಗಳೇ ಬಿಟ್ಟಿ ಕೊಡುತ್ತವೆ. ಅಳತೆ ಕುಗ್ಗಿಸದೆ ಪ್ರಿಂಟ್ ತೆಗೆದು, ಅಂಟಿಸಿ, ಡೈನಿಂಗ್ ಟೇಬಲ್ ಮೇಲೆ ಹಾಸಿ. 12 ಸೆಂ.ಮೀ.ನ ಎಂಟು ರಟ್ಟಿನ ತುಂಡು ಕತ್ತರಿಸಿ ಅದರ ಮೇಲೆ ದೂಡಿ ಆಡಿ. ಎಲ್ಲಿ ತುಂಡು ಪಾಯಿಂಟ್ ಮೇಲೆ ಉಳಿದುಹೋಗುತ್ತದೋ ಅಲ್ಲಿ ಸೈಡಿಂಗ್ ಉದ್ದ ಸಾಲದು ಅಂತ ಅರ್ಥ. ಆ ಕಾಗದದ ಫೋಟೋ ಒಂದು ಇಲ್ಲಿ ಹಾಕಿ, ಪಾಯಿಂಟ್ ಎಡದ್ದು ಬೇಕೋ ಬಲದ್ದು ಬೇಕೋ ನೋಡಿ ಹೇಳುತ್ತೇನೆ.